ಡೆಲಿವರಿಯಲ್ಲಿ ಹಾಳೆ ನೆಟ್ಟಗೆ ಕೂರಬೇಕೆಂದರೆ

ಪ್ರಶ್ನೆ: ಗದಗದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. 19 × 26 ಇಂಚಿನ ಎರಡು ಕಲರ್ ಆಫ್‌ಸೆಟ್ ಮೆಷಿನ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಪುಸ್ತಕದ ಕವರ್, ಕ್ಯಾಟಲಾಗ್, ಕರಪತ್ರದ ಕೆಲಸ ಹೆಚ್ಚು. 130 ಜಿಎಸ್‌ಎಂ (ಚದರ ಮೀಟರಿಗೆ 130 ಗ್ರಾಂ ತೂಗುವ) ಆರ್ಟ್ ಪೇಪರ್ ಓಡಿಸಿದಾಗ ಡೆಲಿವರಿಯಲ್ಲಿ (ಪ್ರಿಂಟ್ ಆದ ಹಾಳೆ ಹೊರಬಂದು ಬೀಳುವ ಕಡೆ) ಹಾಳೆಗಳು ಹಿಂದೆಮುಂದೆ ಬೀಳುತ್ತವೆ. ಸಾಲಿಡ್ (ಪೂರ್ತಿ ಇಂಕ್ ತುಂಬಿದ ಜಾಗ) ಜಾಸ್ತಿ ಇದ್ದರೆ ಮೇಲಿನ ಹಾಳೆಯ ಬೆನ್ನಿಗೆ ಇಂಕ್ ಹತ್ತುತ್ತದೆ. ಹಾಳೆಗಳ ನಡುವೆ ಸಿಂಪಡಿಸುವ ಪೌಡರ್ ಹೆಚ್ಚು ಮಾಡಿ ನೋಡಿದೆವು. ಈಗ ಲ್ಯಾಮಿನೇಷನ್‌ನವರು ತಕರಾರು ತೆಗೆಯುತ್ತಿದ್ದಾರೆ. ಕಟಿಂಗ್‌ನವರು ಹಾಳೆ ಮತ್ತೆ ಜೋಡಿಸಿ ಕೊಡಿ ಅಂತಾರೆ. ಐಆರ್ ಡ್ರೈಯರ್ (ಇನ್‌ಫ್ರಾರೆಡ್ ಲ್ಯಾಂಪಿನ ಬಿಸಿಯಿಂದ ಇಂಕ್ ಒಣಗಿಸುವ ಸಾಧನ) ಹಾಕಿಸಿದರೆ ಸರಿಹೋಗುತ್ತಾ?

ಉತ್ತರ: ಡ್ರೈಯರ್ ವಿಚಾರ ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ಆ ದುಡ್ಡು ನಿಮ್ಮ ಹತ್ತಿರವೇ ಇರಲಿ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು, ಹಾಳೆ ಸರಿಯಾದ ಜಾಗದಲ್ಲಿ ಬಂದು ನಿಲ್ಲುತ್ತಿಲ್ಲ. ಇನ್ನೊಂದು, ನಿಂತ ಮೇಲೆ ಇಂಕ್ ಮೇಲಿನ ಹಾಳೆಗೆ ಹತ್ತುತ್ತಿದೆ, ಅಂದರೆ ಸೆಟ್-ಆಫ್. ಎರಡಕ್ಕೂ ಪೌಡರ್ ಒಂದೇ ಮದ್ದು ಅಂದುಕೊಂಡಿದ್ದರಿಂದ ಮೂರನೇ ತೊಂದರೆ ಹುಟ್ಟಿದೆ. ಇವನ್ನು ಬಿಡಿಬಿಡಿಯಾಗಿ ನೋಡಬೇಕು.

ಮೊದಲು ಹಾಳೆ ಇಳಿಯುವ ಆ ಒಂದು ಕ್ಷಣ. ಗಂಟೆಗೆ 6,000 ಓಡಿಸಿದರೆ 0.6 ಸೆಕೆಂಡಿಗೆ ಒಂದು ಹಾಳೆ ಬರುತ್ತದೆ. ಸೆಕೆಂಡಿಗೆ ಒಂದು ಮೀಟರಿಗಿಂತ ಜಾಸ್ತಿ ವೇಗದಲ್ಲಿ ಬರುವ ಹಾಳೆ ಕೆಲವೇ ಇಂಚುಗಳಲ್ಲಿ ನಿಲ್ಲಬೇಕು. ಚೈನ್‌ನ ಗ್ರಿಪ್ಪರ್ (ಹಾಳೆಯ ಮುಂದಿನ ಅಂಚನ್ನು ಕಚ್ಚುವ ಹಿಡಿಕೆ) ಅದನ್ನು ಇಂಪ್ರೆಷನ್ ಸಿಲಿಂಡರ್‌ನಿಂದ (ಪ್ರಿಂಟ್ ಆಗುವಾಗ ಹಾಳೆಯನ್ನು ಒತ್ತುವ ಉರುಳೆಯಿಂದ) ಎಳೆದು ತರುತ್ತದೆ. ಕ್ಯಾಮ್ (ಗ್ರಿಪ್ಪರ್ ತೆರೆಸುವ ಉಬ್ಬು ತುಂಡು) ಹತ್ತಿರ ಬಂದಾಗ ಗ್ರಿಪ್ಪರ್ ಬಾಯಿ ತೆರೆಯುತ್ತದೆ. ಹಾಳೆಯ ಬಾಲವನ್ನು, ಅಂದರೆ ಹಿಂದಿನ ಅಂಚನ್ನು, ಗಾಳಿ ಹೀರುವ ಸಕ್ಷನ್ ವೀಲ್ ಹಿಡಿದು ನಿಧಾನ ಮಾಡುತ್ತದೆ. ಮೇಲಿನ ಫ್ಯಾನ್ ಗಾಳಿ ಕೆಳಗೆ ಒತ್ತುತ್ತದೆ. ಮುಂದಿನ ಸ್ಟಾಪ್‌ಗೆ ಹಾಳೆ ಮೆಲ್ಲಗೆ ತಾಗಬೇಕು. ಆಮೇಲೆ ಅಕ್ಕಪಕ್ಕದ ಜಾಗರ್‌ಗಳು ತಟ್ಟಿ ಸಾಲು ಮಾಡುತ್ತವೆ. ಇಷ್ಟರಲ್ಲಿ ಒಂದು ಕೈ ತಪ್ಪಿದರೂ ಮಿಕ್ಕವು ಎಷ್ಟು ಸರಿ ಇದ್ದರೂ ಪೈಲ್ (ಹಾಳೆಗಳ ರಾಶಿ) ಕೆಡುತ್ತದೆ. ಜಾಗರ್ ಸರಿಮಾಡುತ್ತಾ ಕೂರುವ ಮೆಷಿನ್‌ಮನ್‌ಗಳನ್ನು ನಾನು ಬಹಳ ನೋಡಿದ್ದೇನೆ. ಆದರೆ ಜಾಗರ್ ಸರದಿ ಬರುವುದು ಕೊನೆಗೆ. ತಪ್ಪು ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಆಗಿರುತ್ತದೆ.

ಗ್ರಿಪ್ಪರ್ ಯಾವಾಗ ಬಿಡುತ್ತದೆ ಅನ್ನುವುದನ್ನು ಮೊದಲು ನೋಡಿ. ಬೇಗ ಬಿಟ್ಟರೆ ಹಾಳೆ ಸ್ಟಾಪ್‌ವರೆಗೆ ಹೋಗುವುದಿಲ್ಲ. ಮಧ್ಯದಲ್ಲೇ ಕುಸಿದು ಓರೆಯಾಗಿ ಬೀಳುತ್ತದೆ. ತಡವಾಗಿ ಬಿಟ್ಟರೆ ಸ್ಟಾಪ್‌ಗೆ ಜೋರಾಗಿ ಬಡಿದು ಹಿಂದಕ್ಕೆ ಚಿಮ್ಮುತ್ತದೆ, ಇಲ್ಲವೇ ಮುಂದಿನ ಅಂಚು ಮಡಚಿಕೊಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಬೇಗ ಬಿಡಬೇಕು, ಯಾಕೆಂದರೆ ಹಾಳೆಗೆ ತನ್ನದೇ ಓಟ ಜಾಸ್ತಿ ಇರುತ್ತದೆ. ಎಷ್ಟೋ ಪ್ರೆಸ್‌ಗಳಲ್ಲಿ ಆಗುವ ಎಡವಟ್ಟು ಇಲ್ಲೇ. ಮೇಕ್‌ರೆಡಿ (ಜಾಬ್ ಶುರುವಿನ ಸಿದ್ಧತೆ) ಮಾಡುವಾಗ ಮೆಷಿನ್ ನಿಧಾನವಾಗಿ ಓಡುತ್ತಿರುತ್ತದೆ. ಆಗ ಕ್ಯಾಮ್ ಸೆಟ್ ಮಾಡಿ, ಹಾಳೆ ಚೆಂದ ಕೂತಿತು ಅಂತ ಬಿಡುತ್ತಾರೆ. ಆಮೇಲೆ ವೇಗ ಏರಿಸುತ್ತಾರೆ. ಕ್ಯಾಮ್ ಹಾಗೇ ಇರುತ್ತದೆ, ಪೈಲ್ ಕೆಡುತ್ತದೆ. ನಿಮ್ಮ ಮೆಷಿನ್ನಿನಲ್ಲಿ ಓಡುತ್ತಿರುವಾಗಲೇ ತಿರುಗಿಸುವ ನಾಬ್ ಇದ್ದರೆ ಜಾಬ್ ಓಡುವ ವೇಗಕ್ಕೆ ಬಂದ ಮೇಲೆ ಸೆಟ್ ಮಾಡಿ. ಇಲ್ಲದಿದ್ದರೆ ನಿಲ್ಲಿಸಿ, ಸ್ವಲ್ಪ ಬದಲಿಸಿ, ಮತ್ತೆ ಅದೇ ವೇಗಕ್ಕೆ ಏರಿಸಿ ನೋಡಿ. 130 ಜಿಎಸ್‌ಎಂಗೆ ಒಂದು ಗುರುತು, 300 ಜಿಎಸ್‌ಎಂ ಕಾರ್ಡಿಗೆ ಇನ್ನೊಂದು ಗುರುತು ಪೇಂಟ್‌ನಲ್ಲಿ ಹಾಕಿಟ್ಟುಕೊಂಡರೆ ಮುಂದಿನ ಸಲ ಸಮಯ ಉಳಿಯುತ್ತದೆ.

ನಿಮ್ಮದು ಹಳೆ ಮೆಷಿನ್ ಆದ್ದರಿಂದ ಒಂದು ಪರೀಕ್ಷೆ ತಪ್ಪದೆ ಮಾಡಿ. ಡೆಲಿವರಿ ಚೈನ್‌ನಲ್ಲಿ ಎಷ್ಟು ಗ್ರಿಪ್ಪರ್ ಬಾರ್ ಇವೆ ಎಣಿಸಿ. ಎಂಟು ಇವೆ ಅನ್ನೋಣ. ಈಗ ಪೈಲ್‌ನ ಪಕ್ಕ ಕೂತು ಹೊರಗೆ ಚಾಚಿರುವ ಹಾಳೆಗಳನ್ನು ಎಣಿಸಿ. ಸರಿಯಾಗಿ ಪ್ರತಿ ಎಂಟನೇ ಹಾಳೆ ಮಾತ್ರ ತಪ್ಪುತ್ತಿದ್ದರೆ ಗಾಳಿ, ಪೇಪರ್, ಇಂಕ್ ಯಾವುದರದ್ದೂ ತಪ್ಪಲ್ಲ. ಒಂದು ಬಾರ್‌ನ ಗ್ರಿಪ್ಪರ್ ಪ್ಯಾಡ್ ಸವೆದಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ, ಇಲ್ಲವೇ ಅದರ ಕ್ಯಾಮ್ ರೋಲರ್ ಜಾಮ್ ಆಗಿದೆ. ಬಾರ್‌ಗಳಿಗೆ ಚಾಕ್‌ಪೀಸಿನಲ್ಲಿ ನಂಬರ್ ಹಾಕಿದರೆ ಯಾವುದೆಂದು ಕೈಗೆ ಸಿಗುತ್ತದೆ. ಎಲ್ಲ ಹಾಳೆಗಳೂ ಅಡ್ಡಾದಿಡ್ಡಿ ಬೀಳುತ್ತಿದ್ದರೆ ಚೈನ್ ಸಡಿಲ ಆಗಿರಬಹುದು. ಎರಡೂ ಬದಿಯ ಚೈನ್ ಒಂದೇ ಬಿಗಿ ಇರಬೇಕು. ಒಂದು ಬದಿ ಜೋತುಬಿದ್ದರೆ ಬಾರ್ ಓರೆಯಾಗುತ್ತದೆ, ಹಾಳೆಯೂ ಓರೆಯಾಗುತ್ತದೆ. ಇದಕ್ಕೆ ಜಾಗರ್‌ನಲ್ಲಿ ಪರಿಹಾರ ಹುಡುಕಿದರೆ ಸಿಗುವುದಿಲ್ಲ.

ಸಕ್ಷನ್ ವೀಲ್‌ಗಳ ತೂತುಗಳಲ್ಲಿ ಪೌಡರ್ ತುಂಬಿಕೊಳ್ಳುತ್ತದೆ. ನೀವು ಪೌಡರ್ ಹೆಚ್ಚಿಸಿದ್ದೀರಿ ಅಂದ ಮೇಲೆ ಖಂಡಿತ ತುಂಬಿರುತ್ತದೆ. ಬಾಲ ಹಿಡಿಯುವ ಬಲ ಹೋದರೆ ಹಾಳೆ ಸ್ಟಾಪ್‌ಗೆ ಬಡಿಯುತ್ತದೆ. ಆಗ ನೀವು ಮತ್ತೇನನ್ನೋ ತಿರುಗಿಸುತ್ತೀರಿ. ದಿನಾ ಕೆಲಸ ಮುಗಿದ ಮೇಲೆ ವೀಲ್, ಹೋಸ್, ಫಿಲ್ಟರ್ ಒರೆಸಿಡಿ. ವೀಲ್‌ಗಳನ್ನು ಹಾಳೆಯ ಬೆನ್ನಲ್ಲಿ ಪ್ರಿಂಟ್ ಇಲ್ಲದ ಪಟ್ಟಿಗೆ ಸರಿಸಿ. ಎರಡನೇ ಬದಿ ಪ್ರಿಂಟ್ ಮಾಡುವಾಗ ಇದು ಇನ್ನೂ ಮುಖ್ಯ. ಇಲ್ಲದಿದ್ದರೆ ಮೊದಲ ಬದಿಯ ಇಂಕ್ ಮೇಲೆ ಗೆರೆ ಬೀಳುತ್ತದೆ.

ಮೇಲಿನ ಗಾಳಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ನಿಮ್ಮ ಎರಡೂ ತೊಂದರೆಗೆ ಕೊಂಡಿ. ಹಾಳೆ ಇಳಿಯುವಾಗ ಅದರ ಕೆಳಗೆ ಒಂದು ತೆಳು ಗಾಳಿಪದರ ಸಿಕ್ಕಿಕೊಳ್ಳುತ್ತದೆ. ಹಾಳೆ ಆ ಪದರದ ಮೇಲೆ ತೇಲಿ, ಜಾರಿ ತನ್ನ ಜಾಗಕ್ಕೆ ಬರುತ್ತದೆ. ಜಾಗರ್ ತಟ್ಟಿದಾಗ ಸುಲಭವಾಗಿ ಸರಿಯುವುದೂ ಅದರಿಂದಲೇ. ಹಸಿ ಇಂಕ್ ಮೇಲೆ ಮೇಲಿನ ಹಾಳೆ ತಕ್ಷಣ ಅಂಟಿಕೊಳ್ಳದಂತೆ ಕಾಯುವುದೂ ಅದೇ. ಹಾಳೆ ಹಾರಾಡುತ್ತದೆ ಅಂತ ಫ್ಯಾನ್‌ಗಳನ್ನು ಪೂರ್ತಿ ಏರಿಸಿದರೆ ಈ ಪದರ ಹಿಂಡಿ ಹೋಗುತ್ತದೆ. ಹಾಳೆ ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ. ಸಾಲೂ ತಪ್ಪುತ್ತದೆ, ಸೆಟ್-ಆಫ್ ಕೂಡ ಆಗುತ್ತದೆ. ಹಾಗಾಗಿ ಎಲ್ಲ ಫ್ಯಾನ್ ಕಡಿಮೆ ಮಾಡಿ ಶುರು ಮಾಡಿ. ನಡುವಿನ ಫ್ಯಾನ್ ಸ್ವಲ್ಪ ಏರಿಸಿ, ಆಮೇಲೆ ಅಂಚಿನವು. ಹಾಳೆ ನಡುವಿನಿಂದ ಮೊದಲು ಕೂರಬೇಕು, ಗಾಳಿ ಅಂಚಿನಿಂದ ಹೊರಗೆ ಹೋಗಬೇಕು. ಸಾಲಿಡ್ ಇರುವ ಜಾಗದ ಮೇಲೆ ನೇರ ಜೋರು ಗಾಳಿ ಬೇಡವೇ ಬೇಡ.

ಪೈಲ್ ಎಷ್ಟು ಕೆಳಗಿದೆ ಅನ್ನುವುದನ್ನೂ ನೋಡಿ. ತೀರಾ ಕೆಳಗಿದ್ದರೆ ಹಾಳೆ ಬೀಳುವ ದಾರಿಯಲ್ಲೇ ಓಲಾಡುತ್ತದೆ. ತೀರಾ ಮೇಲಿದ್ದರೆ ಗ್ರಿಪ್ಪರ್ ಬಾರ್ ಮೇಲಿನ ಹಾಳೆಯನ್ನು ಸವರುತ್ತದೆ. ಪೈಲ್ ತಾನಾಗಿ ಇಳಿಯುವುದು ಒಂದೇ ಸಲ ದೊಡ್ಡ ಜಿಗಿತದಲ್ಲಿ ಆಗುತ್ತಿದ್ದರೆ ಅದನ್ನು ಸಣ್ಣ ಸಣ್ಣ ಇಳಿತಕ್ಕೆ ಬದಲಿಸಿ.

ಇನ್ನು ಜಾಗರ್. ಆಗಲೇ ಪ್ರಿಂಟ್ ಆಗಿ ಒಣಗಿರುವ ಅದೇ ಸೈಜಿನ ಒಂದಷ್ಟು ಹಾಳೆಗಳನ್ನು ಚೆನ್ನಾಗಿ ಜೋಡಿಸಿ ಪೈಲ್ ಬೋರ್ಡ್ ಮೇಲಿಡಿ. ಮೆಷಿನ್ ಇಂಚಿಂಗ್ ಮಾಡುತ್ತಾ (ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ) ಜಾಗರ್ ಪೂರ್ತಿ ಒಳಗೆ ಬರುವ ಜಾಗಕ್ಕೆ ತನ್ನಿ. ಅಲ್ಲಿ ಅದು ಹಾಳೆಯ ಅಂಚಿಗೆ ಸುಮ್ನೆ ತಾಗಬೇಕು ಅಷ್ಟೆ. ಒತ್ತಬಾರದು. ಒತ್ತಿದರೆ ಹಾಳೆ ನಡುವೆ ಉಬ್ಬುತ್ತದೆ, ಮುಂದಿನ ಹಾಳೆ ಆ ಉಬ್ಬಿಗೆ ಬಡಿದು ತಿರುಗುತ್ತದೆ. ಪೈಲ್ ಬೋರ್ಡಿನ ಹಲಗೆಯೇ ಬಾಗಿದ್ದರೆ ಎಷ್ಟು ಸೆಟ್ ಮಾಡಿದರೂ ಅರ್ಧ ಅಡಿ ಏರುವಷ್ಟರಲ್ಲಿ ಪೈಲ್ ವಾಲುತ್ತದೆ. ಹಲಗೆ ಬದಲಿಸಿ.

ಇನ್ನು ಸೆಟ್-ಆಫ್.

ಇಲ್ಲಿ ಲೆಕ್ಕ ಹಾಕಿ ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. 18 × 25 ಇಂಚಿನ 130 ಜಿಎಸ್‌ಎಂ ಹಾಳೆ ಒಂದಕ್ಕೆ ಸುಮಾರು 37.7 ಗ್ರಾಂ ತೂಕ. 500 ಹಾಳೆಯ ರೀಮಿಗೆ 19 ಕೆಜಿ ಹತ್ತಿರ. ಗಂಟೆಗೆ 6,000 ಓಡಿದರೆ ಹತ್ತೇ ನಿಮಿಷದಲ್ಲಿ 1,000 ಹಾಳೆ, ಅಂದರೆ 38 ಕೆಜಿ ಮೇಲೆ ಬಂದು ಕೂರುತ್ತದೆ. 4,000 ಹಾಳೆ ಆದಾಗ ಕೆಳಗಿನ ಹಾಳೆಯ ಮೇಲೆ 150 ಕೆಜಿ. ಈ ಹೊತ್ತಲ್ಲಿ ಇಂಕ್ ಏನು ಮಾಡುತ್ತಿರುತ್ತದೆ? ಮಾಮೂಲಿ ಆಫ್‌ಸೆಟ್ ಇಂಕ್ ಎರಡು ಹಂತದಲ್ಲಿ ಒಣಗುತ್ತದೆ. ಮೊದಲು ಅದರ ತೆಳು ಎಣ್ಣೆ ಪೇಪರ್ ಒಳಗೆ ಇಳಿಯುತ್ತದೆ, ಇಂಕ್ ಗಟ್ಟಿಯಾಗುತ್ತದೆ. ಇದು ನಿಮಿಷಗಳ ಕೆಲಸ. ಆಮೇಲೆ ಗಾಳಿಯ ಆಮ್ಲಜನಕ ಸೇರಿ ಪೂರ್ತಿ ಒಣಗುತ್ತದೆ. ಇದಕ್ಕೆ ಗಂಟೆಗಳು ಬೇಕು. ಆರ್ಟ್ ಪೇಪರ್‌ನ ಕೋಟಿಂಗ್, ಮ್ಯಾಪ್‌ಲಿಥೋ (ಕೋಟಿಂಗ್ ಇಲ್ಲದ ಪೇಪರ್) ಥರ ಎಣ್ಣೆಯನ್ನು ದಂಡಿಯಾಗಿ ಕುಡಿಯುವುದಿಲ್ಲ. ಆದ್ದರಿಂದ ಮೊದಲ ಹಂತ ಮುಗಿಯುವ ಮೊದಲೇ ಭಾರ ಬಂದುಬಿಟ್ಟರೆ ಹಸಿ ಇಂಕ್ ಮೇಲಿನ ಹಾಳೆಗೆ ಹೋಗದೆ ಇನ್ನೆಲ್ಲಿ ಹೋಗಬೇಕು ಹೇಳಿ.

ಹಾಗಾಗಿ ಖರ್ಚಿಲ್ಲದ ಮೊದಲ ಪರಿಹಾರ, ಪೈಲ್ ಚಿಕ್ಕದು ಮಾಡುವುದು. ಸಾಲಿಡ್ ಜಾಸ್ತಿ ಇರುವ ಜಾಬ್‌ಗೆ 500 ಹಾಳೆಗೊಮ್ಮೆ ಒಂದು ಹಲಗೆ ಹಾಕಿ. ಹಲಗೆಯ ನಾಲ್ಕು ಮೂಲೆಗೆ ಮರದ ತುಂಡುಗಳ ಆಸರೆ ಇರಲಿ, ಮೇಲಿನ ತೂಕ ಹಲಗೆ ಮೂಲಕ ಕೆಳಗೆ ಇಳಿಯಲಿ, ಹಾಳೆಯ ಮೇಲೆ ಬೀಳದಿರಲಿ. 500 ಹಾಳೆ ಎಂದರೆ ಎತ್ತರ 5 ಸೆಂಟಿಮೀಟರ್ ಆಸುಪಾಸು. ಲೋಕಲ್ ಬಡಗಿ ಒಂದು ದಿನದಲ್ಲಿ ಒಂದು ಸೆಟ್ ಮಾಡಿಕೊಡುತ್ತಾರೆ. ಮೆಷಿನ್ ಆಗಾಗ ನಿಲ್ಲಿಸಬೇಕಾಗುತ್ತದೆ, ನಿಜ. ಆದರೆ 4,000 ಕವರ್ ಮತ್ತೆ ಪ್ರಿಂಟ್ ಮಾಡುವುದಕ್ಕಿಂತ ಇದು ಅಗ್ಗ.

ಎರಡನೆಯದು, ಯಾರೂ ಪೈಲ್ ಮುಟ್ಟಬಾರದು. ಹೆಲ್ಪರ್ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಅಂಗೈಯಲ್ಲಿ ತಟ್ಟಿ ಸಮ ಮಾಡುತ್ತಾರೆ. ಕೈ ಒತ್ತಿದ ಜಾಗದಲ್ಲೇ ಮಚ್ಚೆ ಮೂಡುತ್ತದೆ. ಸೆಟ್-ಆಫ್ ಅಲ್ಲಲ್ಲಿ ಮಾತ್ರ, ಹಾಳೆಯ ಒಂದು ಬದಿಗೆ ಇದ್ದರೆ ಮೊದಲು ಇದನ್ನೇ ಅನುಮಾನಿಸಿ. ಸ್ಯಾಂಪಲ್ ಹಾಳೆ ತೆಗೆಯುವಾಗಲೂ ಎಳೆಯಬಾರದು, ಎತ್ತಿ ತೆಗೆಯಬೇಕು. ಪ್ಯಾಲೆಟ್ ಟ್ರಾಲಿಯನ್ನು ಹಸಿ ಪೈಲ್ ಸಮೇತ ಹೊಸ್ತಿಲು ದಾಟಿಸಿ ದಡಬಡ ಎಳೆದೊಯ್ಯುವುದೂ ಅಷ್ಟೇ ಕೆಟ್ಟದ್ದು.

ಪೌಡರ್ ಏನು ಮಾಡುತ್ತದೆ ಅನ್ನುವುದರಲ್ಲೇ ಬಹಳ ಜನಕ್ಕೆ ಗೊಂದಲ ಇದೆ. ಪೌಡರ್ ಇಂಕನ್ನು ಒಣಗಿಸುವುದಿಲ್ಲ. ಅದು ಹೆಚ್ಚಾಗಿ ಮೆಕ್ಕೆಜೋಳದ ಗಂಜಿಯ ಪುಡಿ. ಎರಡು ಹಾಳೆಗಳ ನಡುವೆ ಸಣ್ಣ ಸಣ್ಣ ಕಂಬಗಳ ಹಾಗೆ ನಿಂತು ಸಂದು ಇಡುತ್ತದೆ, ಆ ಸಂದಿನಲ್ಲಿ ಗಾಳಿ ಇರುತ್ತದೆ. ಅಷ್ಟೇ ಅದರ ಕೆಲಸ. ಹಿಂದೆ ಇದೇ ಕೆಲಸಕ್ಕೆ ಪ್ರತಿ ಹಾಳೆಯ ನಡುವೆ ರದ್ದಿ ಹಾಳೆ ಇಡುತ್ತಿದ್ದರು. ಕಂಬದ ಎತ್ತರ ಮುಖ್ಯ, ಸಂಖ್ಯೆ ಅಲ್ಲ. ಜಿಎಸ್‌ಎಂ ಅನ್ನು ಹತ್ತರಿಂದ ಭಾಗಿಸಿದರೆ ಎಷ್ಟು ಮೈಕ್ರಾನ್ ಪೌಡರ್ ಬೇಕೆಂದು ಅಂದಾಜು ಸಿಗುತ್ತದೆ. 150 ಜಿಎಸ್‌ಎಂಗೆ 15 ಮೈಕ್ರಾನ್, 300 ಜಿಎಸ್‌ಎಂ ಕಾರ್ಡಿಗೆ 30 ಮೈಕ್ರಾನ್. ತೀರಾ ನುಣ್ಣನೆಯ ಪೌಡರನ್ನು ದಪ್ಪ ಕಾರ್ಡಿಗೆ ಎಷ್ಟು ಸುರಿದರೂ ಪ್ರಯೋಜನ ಕಮ್ಮಿ. ದಪ್ಪ ಕಾಳಿನ ಪೌಡರನ್ನು ತೆಳು ಹಾಳೆಗೆ ಹಾಕಿದರೆ ಮರಳು ಮುಟ್ಟಿದ ಹಾಗಿರುತ್ತದೆ, ಲ್ಯಾಮಿನೇಷನ್ ಫಿಲ್ಮ್ ಕೆಳಗೆ ಬೆಳ್ಳಿ ಚುಕ್ಕೆಗಳ ಥರ ಕಾಣುತ್ತದೆ. ನಿಮ್ಮ ಲ್ಯಾಮಿನೇಷನ್‌ನವರ ತಕರಾರು ಬಹುಶಃ ಇದೇ. ಅವರ ಮಾತು ನ್ಯಾಯವಾದದ್ದು.

ನಿಮ್ಮದು ಎರಡು ಕಲರ್ ಮೆಷಿನ್, ಅಂದರೆ ನಾಲ್ಕು ಕಲರ್ ಜಾಬ್ ಎರಡು ಸಲ ಓಡಬೇಕು. ಮೊದಲ ಸಲ ಬಿದ್ದ ಪೌಡರ್ ಎರಡನೇ ಸಲ ಬ್ಲಾಂಕೆಟ್ (ಇಂಕನ್ನು ಹಾಳೆಗೆ ದಾಟಿಸುವ ರಬ್ಬರ್ ಹೊದಿಕೆ) ಮೇಲೆ ಕೂರುತ್ತದೆ. ಆಗ ಸಾಲಿಡ್‌ನಲ್ಲಿ ಬಿಳಿ ಚುಕ್ಕೆ, ಬ್ಲಾಂಕೆಟ್ ಒರೆಸುವ ಕೆಲಸ ಬೇರೆ. ಮೊದಲ ಪಾಸ್‌ನಲ್ಲಿ ಪೌಡರ್ ಆದಷ್ಟು ಕಡಿಮೆ ಇಡಿ, ಚಿಕ್ಕ ಪೈಲ್ ಮಾಡಿ. ನಾಜಲ್‌ಗಳು ಹಾಳೆಯ ಅಗಲಕ್ಕೆ ಮಾತ್ರ ತೆರೆದಿರಲಿ. ಮಳೆಗಾಲದಲ್ಲಿ ಪೌಡರ್ ಥಂಡಿಗೆ ಗಂಟು ಕಟ್ಟುತ್ತದೆ. ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿ. ಡೆಲಿವರಿ ಹತ್ತಿರ ದಿನವಿಡೀ ನಿಲ್ಲುವವರಿಗೆ ಮಾಸ್ಕ್ ಕೊಡಿ. ಅದು ಗಂಜಿ ಪುಡಿಯೇ ಇರಬಹುದು, ಆದರೆ ವರ್ಷಗಟ್ಟಲೆ ಉಸಿರಾಡುವ ಪದಾರ್ಥ ಅಲ್ಲ.

ಇಷ್ಟೆಲ್ಲ ಮಾಡಿದರೂ ಹತ್ತುತ್ತಿದ್ದರೆ ಮೆಷಿನ್ನಿನ ಪ್ರಿಂಟಿಂಗ್ ಯೂನಿಟ್ ಕಡೆಗೆ ಹೋಗಿ. ಇಂಕ್ ಪದರ ದಪ್ಪ ಆಗಿದೆಯಾ? ಪ್ಲೇಟಿಗೆ ನೀರು ಜಾಸ್ತಿ ಬಿಟ್ಟರೆ ಬಣ್ಣ ತೆಳುವಾಗುತ್ತದೆ. ಅದಕ್ಕೆ ಮೆಷಿನ್‌ಮನ್ ಇಂಕ್ ಏರಿಸುತ್ತಾರೆ. ಆಮೇಲೆ ಮತ್ತೆ ನೀರು. ಹೀಗೆ ಎರಡೂ ಏರಿ ಹಾಳೆ ಒದ್ದೆ ಒದ್ದೆಯಾಗಿ ಬರುತ್ತದೆ. ನೀರನ್ನು ಸ್ಕಮಿಂಗ್ (ಖಾಲಿ ಜಾಗಕ್ಕೂ ಇಂಕ್ ಹತ್ತುವುದು) ಶುರುವಾಗುವ ಹಂತದವರೆಗೆ ಇಳಿಸಿ, ಅಲ್ಲಿಂದ ಸ್ವಲ್ಪ ಮಾತ್ರ ಏರಿಸಿ. ಫೌಂಟನ್ ನೀರಿನ ಪಿಎಚ್ 4.8ರಿಂದ 5.5ರ ಒಳಗಿರಲಿ. ಅಳತೆ ಇಲ್ಲದೆ ಆ ನೀರಿಗೆ ಫೌಂಟನ್ ದ್ರಾವಣ ಸುರಿದು ಹುಳಿ ಹೆಚ್ಚಾದರೆ ಇಂಕ್‌ನಲ್ಲಿ ಬೆರೆಸಿರುವ ಒಣಗಿಸುವ ಪದಾರ್ಥ (ಅದಕ್ಕೂ ಡ್ರೈಯರ್ ಅಂತಲೇ ಹೆಸರು) ಕೆಲಸ ಮಾಡುವುದಿಲ್ಲ, ಮಾರನೇ ದಿನವೂ ಬೆರಳಿಗೆ ಹತ್ತುತ್ತದೆ. ಪಿಎಚ್ ಪಟ್ಟಿಗೆ ದೊಡ್ಡ ಖರ್ಚಿಲ್ಲ, ಒಂದು ಕಟ್ಟು ತರಿಸಿಡಿ.

ಡಿಸೈನ್ ಮಾಡುವವರಿಗೂ ಒಂದು ಮಾತು ಹೇಳಿ. ಕಪ್ಪು ಗಾಢವಾಗಿ ಕಾಣಲಿ ಅಂತ ನಾಲ್ಕೂ ಬಣ್ಣ ನೂರು ನೂರು ಇಟ್ಟರೆ ಒಂದೇ ಜಾಗದಲ್ಲಿ 400 ಪರ್ಸೆಂಟ್ ಇಂಕ್ ಬೀಳುತ್ತದೆ. ಅದನ್ನು ಯಾವ ಡೆಲಿವರಿಯೂ ತಡೆದುಕೊಳ್ಳುವುದಿಲ್ಲ. ಆರ್ಟ್ ಪೇಪರ್‌ಗೆ ಒಟ್ಟು 300ರ ಆಸುಪಾಸು ಇರಲಿ, ಮ್ಯಾಪ್‌ಲಿಥೋಗೆ ಇನ್ನೂ ಕಡಿಮೆ. ಪ್ಲೇಟ್ ಹಾಕಿಸುವ ಮೊದಲು ಇದನ್ನು ನೋಡಿಕೊಳ್ಳುವುದು ಐದು ನಿಮಿಷದ ಕೆಲಸ.

ಇದರ ಜೊತೆಗೇ ಲೇಔಟ್ ವಿಚಾರ. ದಪ್ಪ ಸಾಲಿಡ್ ಹಾಳೆಯ ಬಾಲದ ಕಡೆ ಬಂದರೆ, ಬ್ಲಾಂಕೆಟ್‌ನಿಂದ ಕಿತ್ತು ಬರುವಾಗ ಬಾಲ ಸುರುಳಿಯಾಗುತ್ತದೆ. ಸುರುಳಿ ಬಾಲದ ಹಾಳೆ ಚೆನ್ನಾಗಿ ಕೂರುವುದೇ ಇಲ್ಲ, ಜಾಗರ್ ಎಷ್ಟು ತಟ್ಟಿದರೂ. ಸಾಧ್ಯವಾದರೆ ಜಾಬನ್ನು ತಿರುಗಿಸಿ ಸಾಲಿಡ್ ಗ್ರಿಪ್ಪರ್ ಕಡೆಗೆ ಬರುವ ಹಾಗೆ ಹಾಕಿ. ಆಗದಿದ್ದರೆ ಇಂಕ್‌ನ ಅಂಟು ಸ್ವಲ್ಪ ಇಳಿಸಿ, ಬ್ಲಾಂಕೆಟ್ ಒತ್ತಡ ಬೇಕಾದ್ದಕ್ಕಿಂತ ಜಾಸ್ತಿ ಇದೆಯಾ ನೋಡಿ.

ನೀವು ಗದಗದಲ್ಲಿರುವುದರಿಂದ ಹವೆಯ ಮಾತು ಬಿಡುವ ಹಾಗಿಲ್ಲ. ಮಾರ್ಚ್-ಏಪ್ರಿಲ್‌ನ ಒಣ ಗಾಳಿಗೆ ರೀಮ್ ಬಿಚ್ಚಿಟ್ಟರೆ ಪೇಪರ್‌ನ ಅಂಚು ಒಣಗಿ ಕುಗ್ಗುತ್ತದೆ, ನಡು ಸಡಿಲವಾಗಿ ಉಳಿಯುತ್ತದೆ. ಕರಾವಳಿಯ ಪ್ರೆಸ್‌ಗಳಲ್ಲಿ ಮಳೆಗಾಲಕ್ಕೆ ಇದರ ಉಲ್ಟಾ: ಅಂಚು ತೇವ ಕುಡಿದು ಅಲೆ ಅಲೆಯಾಗುತ್ತದೆ. ಎರಡರಲ್ಲೂ ಹಾಳೆ ಚಪ್ಪಟೆಯಾಗಿ ಕೂರುವುದಿಲ್ಲ. ಪೇಪರ್ ಬಂದ ತಕ್ಷಣ ಕವರ್ ಹರಿಯಬೇಡಿ. ಮೆಷಿನ್ ರೂಮಿನಲ್ಲೇ ಒಂದು ದಿನ ಹಾಗೇ ಇಡಿ. ಓಡಿಸುವ ಹೊತ್ತಿಗೆ ಮಾತ್ರ ಬಿಚ್ಚಿ. ರೂಮಿನ ತೇವಾಂಶ 45ರಿಂದ 55 ಪರ್ಸೆಂಟ್ ಇದ್ದರೆ ಒಳ್ಳೆಯದು. ಒಂದು ಹೈಗ್ರೋಮೀಟರ್ ಗೋಡೆಗೆ ಹಾಕಿ, ದಿನಾ ನೋಡಿ ಬರೆದಿಡಿ.

ಒಣ ಹವೆಯ ಇನ್ನೊಂದು ಕಾಟ ಸ್ಟ್ಯಾಟಿಕ್, ಅಂದರೆ ಉಜ್ಜಾಟದಿಂದ ಹಾಳೆಯಲ್ಲಿ ನಿಲ್ಲುವ ವಿದ್ಯುತ್. ಹಾಳೆ ಹಾಳೆಗೆ ಅಂಟಿಕೊಂಡು ಜಾರುವುದೇ ಇಲ್ಲ, ತೆಳು ಪೇಪರ್‌ನಲ್ಲಿ ಇನ್ನೂ ಜಾಸ್ತಿ. ಮೆಷಿನ್ನಿನ ಅರ್ಥಿಂಗ್ ಸರಿ ಇದೆಯಾ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಡೆಲಿವರಿಯ ಅಡ್ಡಕ್ಕೆ, ಹಾಳೆಗೆ ಹತ್ತಿರವಾಗಿ ತಾಮ್ರದ ಜರಿಯ ಎಳೆ ಕಟ್ಟಿ ಅದನ್ನು ಅರ್ಥ್‌ಗೆ ಜೋಡಿಸುವುದು ಹಳೆಯ, ಅಗ್ಗದ ಉಪಾಯ. ಇವತ್ತಿಗೂ ಕೆಲಸ ಮಾಡುತ್ತದೆ. ಒದ್ದೆ ಗೋಣಿ ಚೀಲ ತೂಗುಹಾಕುವವರೂ ಇದ್ದಾರೆ. ಅದಕ್ಕಿಂತ ಒಂದು ಸಣ್ಣ ಹ್ಯುಮಿಡಿಫೈಯರ್ ಮೇಲು, ಯಾಕೆಂದರೆ ಗೋಣಿ ಹತ್ತಿರದ ಪೇಪರ್ ಮಾತ್ರ ಜಾಸ್ತಿ ತೇವ ಕುಡಿಯುತ್ತದೆ.

ಕಟಿಂಗ್‌ನವರ ದೂರಿಗೆ ಬರುತ್ತೇನೆ. ಅವರು ಹಾಳೆಯನ್ನು ಎರಡು ಅಂಚಿಗೆ ತಾಗಿಸಿ ಕತ್ತರಿಸುತ್ತಾರೆ. ನೀವು ಪ್ರಿಂಟ್ ಮಾಡಿದ್ದೂ ಎರಡು ಅಂಚಿಗೆ ತಾಗಿಸಿಯೇ: ಗ್ರಿಪ್ಪರ್ ಅಂಚು, ಸೈಡ್ ಲೇ ಅಂಚು (ಹಾಳೆಯನ್ನು ಪಕ್ಕದಿಂದ ಸಾಲು ಮಾಡುವ ಅಂಚು). ಎರಡೂ ಕಡೆ ಅದೇ ಅಂಚು ಬಳಕೆಯಾದರೆ ಕಟಿಂಗ್ ಕೂದಲೆಳೆ ತಪ್ಪುವುದಿಲ್ಲ. ಬೇರೆ ಅಂಚಿಗೆ ತಾಗಿಸಿದರೆ ಪೇಪರ್‌ನ ಸೈಜಿನಲ್ಲಿರುವ ಒಂದು ಮಿಲಿಮೀಟರ್ ವ್ಯತ್ಯಾಸವೆಲ್ಲ ಕವರ್ ಮೇಲೆ ಕಾಣುತ್ತದೆ. ಆದ್ದರಿಂದ ಪೈಲ್ ಇಳಿಸುವ ಮುಂಚೆಯೇ ಆ ಎರಡು ಅಂಚು ಕೂಡುವ ಮೂಲೆಗೆ ಮಾರ್ಕರ್‌ನಲ್ಲಿ ದೊಡ್ಡ ಗುರುತು ಹಾಕಿ. ರದ್ದಿ ಹಾಳೆ ಬಂದ ಕಡೆ ಚೀಟಿ ಸಿಕ್ಕಿಸಿ. ಹಾಳೆಯ ಎರಡನೇ ಬದಿ ಓಡಿಸುವಾಗಲೂ ಎಡ-ಬಲ ತಿರುವಿದರೆ ಅದೇ ಗ್ರಿಪ್ಪರ್ ಅಂಚು ಉಳಿಯುತ್ತದೆ, ಹಿಂದೆ-ಮುಂದೆ ತಿರುವಿದರೆ ಉಳಿಯುವುದಿಲ್ಲ. ಆಗುವುದಾದರೆ ಮೊದಲನೆಯದನ್ನೇ ಆರಿಸಿ. ಪೂರ್ತಿ ಒಣಗಿದ ಮೇಲೆ ಹಾಳೆಗಳನ್ನು ಸ್ವಲ್ಪ ಸ್ವಲ್ಪ ತೆಗೆದು, ಅಂಚು ಬಾಗಿಸಿ ಗಾಳಿ ಆಡಿಸಿ, ಅದೇ ಮೂಲೆಗೆ ಕುಟ್ಟಿ ಜೋಡಿಸಿ ಕಳಿಸಿ. ಅವರು ಮತ್ತೆ ಜೋಡಿಸುವುದು ಬೇಡವಾಗುತ್ತದೆ.

ಕೊನೆಯದಾಗಿ ಐಆರ್ ಡ್ರೈಯರ್. ಅದು ಇಂಕ್ ಸೆಟ್ ಆಗುವುದನ್ನು ಬೇಗ ಮಾಡುತ್ತದೆ, ಪೌಡರ್ ಕಡಿಮೆ ಸಾಕಾಗುತ್ತದೆ, ಇದು ನಿಜ. ಆದರೆ ಚಿಕ್ಕ ಮೆಷಿನ್ನಿನ ಡೆಲಿವರಿ ಗಿಡ್ಡ, ಹಾಳೆ ಲ್ಯಾಂಪ್ ಕೆಳಗೆ ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕರೆಂಟ್ ಲೋಡ್ ಹೆಚ್ಚುತ್ತದೆ. ಪೈಲ್ ಬಿಸಿಯಾಗುತ್ತದೆ. ಇಂಕ್ ಒಣಗುವಾಗ ತಾನೂ ಬಿಸಿ ಹುಟ್ಟಿಸುತ್ತದೆ, ಗದಗದ ಬೇಸಿಗೆ ಅದರ ಮೇಲೆ. ಪೈಲ್ ಒಳಗೆ 40 ಡಿಗ್ರಿ ದಾಟಿದರೆ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುವ ಅಪಾಯ ಇದೆ. ಅದೇ ದುಡ್ಡಿನಲ್ಲಿ ಮೊದಲು ಡೆಲಿವರಿ ಚೈನ್, ಗ್ರಿಪ್ಪರ್ ಪ್ಯಾಡ್, ಸ್ಪ್ರಿಂಗ್, ಸಕ್ಷನ್ ವೀಲ್ ಬದಲಿಸಿ. ಪೌಡರ್ ಯೂನಿಟ್ ಹಳೆಯದಾಗಿದ್ದರೆ ಅಳತೆ ಸರಿಯಾಗಿ ಬೀಳುವ ಹೊಸದು ಹಾಕಿಸಿ. ಹಲಗೆ ಸೆಟ್, ಹೈಗ್ರೋಮೀಟರ್ ಕೂಡ ಇದರಲ್ಲೇ ಬರುತ್ತವೆ. ಇದಾದ ಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ ಓಡಿಸಿ ನೋಡಿ. ಆಮೇಲೂ ದಿನದಿನವೂ ದಪ್ಪ ಸಾಲಿಡ್ ಜಾಬ್‌ಗಳೇ ಬರುತ್ತಿದ್ದು, 500ರ ಪೈಲ್ ಮಾಡುವಷ್ಟು ಪುರಸೊತ್ತು ಇಲ್ಲ ಅನ್ನಿಸಿದರೆ ಆಗ ಡ್ರೈಯರ್ ಬಗ್ಗೆ ವಿಚಾರಿಸಿ. ಮಾರುವವರ ಹತ್ತಿರ ಪೈಲ್‌ನ ಉಷ್ಣತೆ ಅಳೆಯುವ ಸೆನ್ಸರ್ ಇದೆಯಾ, ಹಾಳೆ ತಂಪು ಮಾಡುವ ಗಾಳಿ ಇದೆಯಾ ಕೇಳಿ. ಇವೆರಡೂ ಇಲ್ಲದ್ದನ್ನು ಕೊಳ್ಳಬೇಡಿ.